ಹಗಲಲ್ಲಿ ಹಾಕಿದ ಬಾಗಿಲು

ಹಾನಗಲ್ಲಿನ ನಮ್ಮ ಓಣಿಯಲ್ಲಿ ಹಗಲು ಹೊತ್ತು ಯಾರೂ ಮುಂಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ನಲವತ್ತು ವರ್ಷ ರಾಕ್ ಸಂಗೀತದ ತಂಡಗಳ ಹಾಡು ಧ್ವನಿಮುದ್ರಿಸಿದವನು ನಾನು. ಬೆಳಿಗ್ಗೆ ಒಂಬತ್ತಕ್ಕೆ ಸ್ಟುಡಿಯೋ, ಎರಡು ದಪ್ಪ ಬಾಗಿಲು, ಮೇಲೆ ಕೆಂಪು ದೀಪ. ದೀಪ ಉರಿಯುತ್ತಿದ್ದರೆ ಮಾಲೀಕನೂ ಒಳಗೆ ಬರುವಂತಿರಲಿಲ್ಲ. ಆ ಕಟ್ಟಡವನ್ನು ಕೆಡವಿದ ಮೇಲೆ ಹೆಂಡತಿ ಸರೋಜಾಳ ತವರೂರಿಗೆ ಬಂದೆವು. ಅವಳಿಗೆ ಇದು ಊರು. ನನಗೆ ಬಾಗಿಲೇ ಇಲ್ಲದ ಜೈಲು. ಇಡೀ ಓಣಿಗೆ ನಾನು ‘ಅಳ್ಯಾರು’, ಅಂದರೆ ಅಳಿಯಂದಿರು. ಮೂಲೆಯವರೆಗೆ ನಡೆದರೂ, “ಯಾಕಡೆ ಹೊಂಟ್ರಿ ಅಳ್ಯಾರ?”

ಒಳಕೋಣೆಯಲ್ಲಿ ಯಂತ್ರಗಳನ್ನು ಜೋಡಿಸಿದೆ. ಗೋಡೆಗೆ ಕೌದಿ ತೂಗುಹಾಕಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ ಅದು, ಸದ್ದನ್ನು ಚೆನ್ನಾಗಿ ನುಂಗುತ್ತದೆ. ಕೊಟ್ಟವರು ಪಕ್ಕದ ಮನೆಯ ಗಂಗವ್ವ. “ಈ ಬಿಸಲಾಗ ಗ್ವಾಡಿಗೆ ಥಂಡಿ ಹತ್ತೇತೇನ್ರಿ?” ಎಂದು ನಕ್ಕಿದ್ದರು.

ಆಗ ಹಳೆಯ ಗೆಳೆಯ, ಹಾಡುಗಾರ ಪ್ರಭಾಕರ ಫೋನ್ ಮಾಡಿದ. ಮುಂದಿನ ವಾರ ಅವನ ಗಂಟಲಿನ ಶಸ್ತ್ರಚಿಕಿತ್ಸೆ. ದನಿ ಉಳಿಯುತ್ತದೆಂದು ವೈದ್ಯರೂ ಭರವಸೆ ಕೊಟ್ಟಿರಲಿಲ್ಲ. ಒಂದು ಹಾಡು ಬಾಕಿ ಇತ್ತು. ಅದನ್ನು ನಾನೇ ಮುದ್ರಿಸಬೇಕೆಂದು ಹುಬ್ಬಳ್ಳಿಗೆ ಬಂದು, ಬಸ್ಸು ಹತ್ತಿ, ನಮ್ಮ ಮನೆ ಹುಡುಕಿಕೊಂಡು ಬಂದ.

ಸರೋಜಾ ಸಂತೆಗೆ ಹೋಗಿದ್ದಳು. ಮುಂಬಾಗಿಲು, ಕಿಟಕಿ ಎಲ್ಲ ಹಾಕಿದೆ. ಪ್ರಭಾಕರ ಮೊದಲ ಸಲವೇ ಅದ್ಭುತವಾಗಿ ಹಾಡಿದ. ಕೊನೆಯಲ್ಲಿ ರಾಕ್ ಹಾಡುಗಾರರು ಎಳೆಯುವ ಆ ಉದ್ದನೆಯ ಕೂಗು ಬಂತು. ಅದರ ನಡುವೆ ಬಾಗಿಲು ದಬದಬ ಸದ್ದು ಮಾಡಿತು.

“ಅಳ್ಯಾರ, ಬಾಗ್ಲಾ ತಗೀರಿ! ಸರೋಜಾಗ ಏನಾತ್ರಿ?”

ತೆರೆದೆ. ಗಂಗವ್ವನ ಹಿಂದೆ ಅರ್ಧ ಓಣಿ ನಿಂತಿತ್ತು.

“ಚೀರಿದವ್ರು ಯಾರ್ರಿ?”

“ಇವನು ಹಾಡ್ತಿದ್ದ,” ಎಂದೆ.

“ಹಾಡಾ?” ಗಂಗವ್ವ ಪ್ರಭಾಕರನನ್ನು ಮೇಲಿಂದ ಕೆಳಗೆ ನೋಡಿದರು. “ನಿನಗ ಎಲ್ಲಿ ನೋವಾಗಾಕತ್ತೈತೋ ಯಪ್ಪಾ?”

“ಗಂಟಲಲ್ಲಿ, ಅಮ್ಮಾ,” ಎಂದ ಅವನು. ಆಮೇಲೆ ನನ್ನ ಕಡೆ ತಿರುಗಿ ನಕ್ಕ. “ನಲವತ್ತು ವರ್ಷದಿಂದ ಅರಚ್ತಿದೀನಿ ಕಣೋ. ಕಾಪಾಡೋಕೆ ಯಾರಾದ್ರೂ ಓಡಿ ಬಂದಿದ್ದು ಇದೇ ಮೊದಲು.”

ನನಗೆ ನಗು ಬರಲಿಲ್ಲ. ಮತ್ತೆ ಹಾಡಿಸಿದಾಗ ಅವನ ದನಿ ನಡುವೆಯೇ ಒಡೆಯಿತು, ಆಮೇಲೆ ಏಳಲಿಲ್ಲ. ಹೊರಗೆ ಬಂದು ಓಣಿಗೆಲ್ಲ ಕೇಳುವಂತೆ ಗದರಿದೆ: “ಈ ಬಾಗಿಲು ಹಾಕಿರುವಾಗ ಇನ್ನು ಯಾರೂ ಬರಬೇಡಿ!”

“ಆತ್ರಿ. ಬರಂಗಿಲ್ಲ ತಗೋರಿ,” ಎಂದರು ಗಂಗವ್ವ.

ಮೊದಲ ಸಲ ಹಾಡಿದ್ದರಿಂದ ಆ ಬಾಗಿಲ ಬಡಿತವನ್ನು ತೆಗೆಯಲು ವಾರವಿಡೀ ಹೆಣಗಿದೆ. ಅದು ಕೊನೆಯ ಕೂಗಿನೊಳಗೇ ಕೂತಿತ್ತು. ಅದನ್ನು ಕತ್ತರಿಸಿದರೆ ಪ್ರಭಾಕರನೂ ಹೋಗುತ್ತಿದ್ದ. ಹಾಗೆಯೇ ಕಳಿಸಿದೆ. ಶಸ್ತ್ರಚಿಕಿತ್ಸೆ ಮುಗಿಯಿತು, ಈಗ ಅವನು ಫೋನಿನಲ್ಲಿ ಪಿಸುಗುಡುತ್ತಾನೆ, ಅಷ್ಟೇ.

ಗಂಗವ್ವ ಮಾತು ತಪ್ಪಿಲ್ಲ. ದಿನವೂ ಒಂಬತ್ತಕ್ಕೆ ಬಾಗಿಲು ಹಾಕುತ್ತೇನೆ, ಯಾರೂ ಬರುವುದಿಲ್ಲ. ಬೆಂಗಳೂರಿನಲ್ಲಿದ್ದಂಥದೇ ಮೌನ. ಅದರೊಳಗೆ ಕೂತು, ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಕೇಳುತ್ತೇನೆ. ಬಡಿತ ಬರುತ್ತದೆ. ಪ್ರತಿ ಸಲವೂ ಬಾಗಿಲು ತೆರೆಯಲೆಂದು ಅರ್ಧ ಎದ್ದಿರುತ್ತೇನೆ.