ಕಡೇ ಲಾಂಚು ಕಾಯುತ್ತಿತ್ತು

ನಮ್ಮ ತುಮರಿಗೆ ಸೇತುವೆ ಬಂತು. ಬೇಕಿತ್ತು, ಬಂತು, ಅದಕ್ಕೆ ಮೂಗು ಮುರಿಯುವವಳಲ್ಲ ನಾನು. ಆದರೂ ಲಾಂಚು ನೆನಪಾದರೆ ಕರುಳು ಚುರ್ ಅನ್ನುತ್ತದೆ. ಬೆಳಿಗ್ಗೆ ಅದರಲ್ಲಿ ಹಿನ್ನೀರು ದಾಟಿ ಸಾಗರಕ್ಕೆ ಹೋದವರು ಸಂಜೆ ಎಲ್ಲರೂ ಬಂದರೋ ಇಲ್ಲವೋ ಎಂದು ಜನರೇ ನೋಡಿಕೊಳ್ಳುತ್ತಿದ್ದರು. ಒಂದು ತಲೆ ಕಮ್ಮಿಯಾದರೂ "ತಡೀರಿ, ಇನ್ನೊಬ್ರು ಬರ್ಬೇಕು" ಎನ್ನುತ್ತಿದ್ದರು. ಕಡೇ ಲಾಂಚು ನಿಲ್ಲುತ್ತಿತ್ತು.

ಸಾಗರದಲ್ಲಿ ಪಿಯುಸಿ ಓದುವಾಗ ಆ ಲಾಂಚೇ ನನಗೆ ಶನಿಯಾಯಿತು. ಅದು ತಡವಾದ ದಿನ ನಾನೂ ತಡ. ಕ್ಲಾಸಿನ ಬಾಗಿಲಲ್ಲಿ ನಿಂತರೆ ಹಿಂದಿನ ಬೆಂಚಿನವರು ಬಾಯಲ್ಲೇ "ಪೋಂ" ಎಂದು ಲಾಂಚಿನ ಹಾರನ್ನು ಹಾಕುತ್ತಿದ್ದರು. ಆಮೇಲೆ ಡಬ್ಬಿ ತೆಗೆದರೂ ಹಾರನ್ನು, ಉತ್ತರ ಹೇಳಲು ಎದ್ದರೂ ಹಾರನ್ನು. ಮೇಷ್ಟ್ರೂ ನಕ್ಕರು. "ತಮಾಷೆಗೆ ಮಾಡ್ತಾರೆ ಬಿಡು" ಅಂದರು. ತಮಾಷೆಯಂತೆ, ತಮಾಷೆ. ವರ್ಷವಿಡೀ ಉಗುಳು ನುಂಗಿಕೊಂಡು ಕೂತವಳಿಗೆ ಗೊತ್ತು ಅದರ ರುಚಿ. ಒಂದು ಸಂಜೆ ದಡಕ್ಕೆ ಬಂದವಳು ಲಾಂಚು ಹತ್ತಲಿಲ್ಲ. ಮನೆ ಬೇಡ, ಕಾಲೇಜು ಬೇಡ, ಬದುಕಿರುವುದೇ ಬೇಡ ಅನ್ನಿಸಿ ಕಲ್ಲಿನ ಮೇಲೆ ಕೂತುಬಿಟ್ಟೆ.

ಸಾಗರಕ್ಕೆ ಹೊಲಿಗೆ ಕಲಿಸಲು ಹೋಗುತ್ತಿದ್ದ ಆಚೆಮನೆ ಅತ್ತೆ ಲಾಂಚಿನಿಂದ ಇಳಿದು ಬಂದು ಪಕ್ಕದಲ್ಲಿ ಕೂತರು. ಅವರಿಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

"ಎಂತಾತೇ ಕೂಸೆ? ಜೀವ ಬ್ಯಾಡ ಹೇಳಿ ಅನ್ನಿಸ್ತಾ ಇದ್ದಾ ನಿಂಗೆ? ಹೇಳು, ಬೈತ್ನಿಲ್ಲೆ."

ಯಾರಾದರೂ ಅದನ್ನು ಬಾಯಿಬಿಟ್ಟು ಕೇಳಲಿ ಎಂದೇ ಕಾದಿದ್ದೆನೇನೋ. ಬಿಕ್ಕುತ್ತಾ ಎಲ್ಲ ಹೇಳಿದೆ. ಲಾಂಚಿನಲ್ಲಿ ಯಾರೋ ಹಾಲು ಕರೆಯುವ ಹೊತ್ತಾಯಿತೆಂದು ಗೊಣಗಿದರು. ನಮ್ಮನ್ನು ಬಿಟ್ಟು ಹೊರಡಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಮರುದಿನ ಅಪ್ಪನೂ ಅತ್ತೆಯೂ ಪ್ರಿನ್ಸಿಪಾಲರ ಎದುರು ಕೂತರು. ಹಾರನ್ನು ಒಂದೇ ದಿನಕ್ಕೆ ನಿಲ್ಲಲಿಲ್ಲ. ಆದರೆ ಪ್ರತಿ ಸಂಜೆ ಲಾಂಚಿನಲ್ಲಿ ಅತ್ತೆ "ಇವತ್ತೆಂತಾತು?" ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ಈಗ ತೀರ್ಥಹಳ್ಳಿಯ ಕಾಲೇಜಿನಲ್ಲಿ ನಾನೇ ಪಾಠ ಮಾಡುತ್ತೇನೆ. ಮೊನ್ನೆ ಸಂಜೆ ನಾನು ಹೋಗುವ ಅರಳಸುರಳಿ ಬಸ್ಸು ಹೊರಡುವುದರಲ್ಲಿತ್ತು. ದಿನಾ ಅದೇ ಬಸ್ಸಿಗೆ ಬರುವ ನನ್ನ ವಿದ್ಯಾರ್ಥಿನಿಯೊಬ್ಬಳು ಹತ್ತದೆ ಕಂಬಕ್ಕೊರಗಿ ನಿಂತಿದ್ದಳು. ಅವಳ ಫೋಟೋಕ್ಕೆ ಕತ್ತೆಯ ಕಿವಿ ಅಂಟಿಸಿ ಮೊಬೈಲಿನಿಂದ ಮೊಬೈಲಿಗೆ ಕಳಿಸುತ್ತಿದ್ದಾರೆಂದು ಅವತ್ತಷ್ಟೇ ನನಗೆ ಗೊತ್ತಾಗಿತ್ತು. ಬಸ್ಸಿನಿಂದ ಇಳಿದು ಹೋಗಿ, ಅವತ್ತು ದಡದಲ್ಲಿ ಅತ್ತೆ ಕೇಳಿದ್ದನ್ನೇ ಕೇಳಿದೆ.

"ಹೌದು ಮೇಡಂ" ಅಂದಳು.

ಕಂಡಕ್ಟರ್ ಸೀಟಿ ಊದಿದ. "ಮೇಡಂ, ಹೊರಡ್ಲಾ?"

"ತಡಿ ಮಾರಾಯ" ಅಂದೆ, ಅವಳ ಕೈ ಹಿಡಿದುಕೊಂಡೇ. "ಇನ್ನೊಬ್ಳು ಬರ್ಬೇಕು."