ಝೋಫ್ಕ ಕೊಂಡ ಮರಕುಟಿಗ

ನಮ್ಮ ಬೋಹಿನ್ ಕಣಿವೆಯಲ್ಲಿ ಝೋಫ್ಕಳ ಕೈಯೂಟ ಉಣ್ಣದೆ ದೊಡ್ಡವರಾದವರು ಕಡಿಮೆ. ಇಪ್ಪತ್ತಾರು ವರ್ಷದಿಂದ ಶಾಲೆಯ ಅಡುಗೆಮನೆ ಅವಳದು. ಹುಳಿ ಬರಿಸಿದ ಎಲೆಕೋಸು, ಬೀನ್ಸ್ ಕಾಳು ಹಾಕಿ ಅವಳು ಕುದಿಸುವ ಜೋತ ಸಾರಿನ ವಾಸನೆ, ಬೆಟ್ಟ ಹತ್ತುವವರ ಸಾಮಾನು ಮಾರುವ ನನ್ನ ಅಂಗಡಿಯವರೆಗೆ ಬಂದರೆ ಆ ದಿನ ಶುಕ್ರವಾರ ಎಂದು ಲೆಕ್ಕ. ಯಾರಿಗೂ ಎದುರಾಡದ ಹೆಂಗಸು. ಊರು ಅದನ್ನು ಒಳ್ಳೆಯತನ ಅನ್ನುತ್ತಿತ್ತು. ನನಗೆ ಮಾತ್ರ ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತಿತ್ತು.

ಅವಳ ಗಂಡ ಲುದ್ವಿಕ್ ನಮ್ಮೂರಿಗೂ ಬ್ಲೆಡ್ ಪಟ್ಟಣಕ್ಕೂ ಓಡಾಡುವ ಬಸ್ಸಿನ ಡ್ರೈವರ್. ಚಳಿಗಾಲದಲ್ಲಿ ಎರಡು ಮೂರು ಸಲ ಇಬ್ಬರೂ ಸ್ಕೀ ಕಟ್ಟಿಕೊಂಡು ಯಾರೂ ತುಳಿಯದ ಹಿಮದ ಮೇಲೆ ಬೆಟ್ಟ ಹತ್ತುವುದುಂಟು, ಅವನು ಮುಂದೆ, ಅವಳು ಹಿಂದೆ. ಅವನ ಕೊರಳಲ್ಲಿ ಯೌವನದ ಕಾಲದ ಒಂದು ಹಳದಿ ಪೆಟ್ಟಿಗೆ. ನಾವು ಅದನ್ನು ಮರಕುಟಿಗ ಅನ್ನುತ್ತೇವೆ. ಹಿಮ ಕುಸಿದು ಒಬ್ಬರು ಹೂತುಹೋದರೆ ಅವರ ಕೊರಳಿನ ಪೆಟ್ಟಿಗೆ ಒಳಗಿನಿಂದ ರೇಡಿಯೋ ಅಲೆಯಲ್ಲಿ ಕೂಗುತ್ತಲೇ ಇರುತ್ತದೆ. ಮೇಲಿರುವವರು ತಮ್ಮ ಪೆಟ್ಟಿಗೆಯಿಂದ ಆ ಕೂಗಿನ ಜಾಡು ಹಿಡಿದು ಅಗೆಯಬೇಕು. ಝೋಫ್ಕಳ ಹತ್ತಿರ ಅದು ಇರಲಿಲ್ಲ. ‘ನಾನಿರುವಾಗ ನಿನಗ್ಯಾಕೆ?’ ಎನ್ನುವುದು ಲುದ್ವಿಕ್‌ನ ಮಾತು. ಹೋದ ಮಾರ್ಚಿನಲ್ಲಿ ಅವಳ ಹಿಂದೆ ಹತ್ತೇ ಹೆಜ್ಜೆ ದೂರದಲ್ಲಿ ಹಿಮದ ಹಾಸು ಬಿರಿದು ಕೆಳಗೆ ಹೋಯಿತು. ಈ ಡಿಸೆಂಬರಿನಲ್ಲಿ ಅವಳು ನನ್ನ ಅಂಗಡಿಯ ಬಾಗಿಲು ತಳ್ಳಿದಳು.

“ಪೊಲೊನಾ, ನಂಗೊಂದು ಮರಕುಟಿಗ ಕೊಡು.”

“ಎಂಥದ್ದು ಬೇಕು?”

“ಸಾಯದ ಹಾಗೆ ನೋಡ್ಕೊಳ್ಳೋದು.”

“ಅಂಥದ್ದನ್ನ ಇನ್ನೂ ಯಾರೂ ಮಾಡಿಲ್ಲ ಕಣೇ.”

ಮೂರನ್ನು ಮೇಜಿನ ಮೇಲಿಟ್ಟೆ. ಹತ್ತೆಂಟು ಗುಂಡಿಗಳಿದ್ದು ಫೋನಿನ ಜೊತೆಗೂ ಮಾತಾಡುವ ಒಂದನ್ನು ನಾನೇ ಪಕ್ಕಕ್ಕೆ ಸರಿಸಿದೆ. “ವರ್ಷಕ್ಕೆ ಮೂರು ಸಲ ಹೋಗೋಳಿಗೆ ಈ ಸಂತೆ ಯಾಕೆ? ಗಾಬರೀಲಿ ಯಾವ ಗುಂಡಿ ಅಂತ ತಡಕಾಡ್ತಾ ಕೂರ್ತೀಯ.” ಅಗ್ಗದ್ದರ ಪರದೆ ಹೆಬ್ಬೆಟ್ಟಿನಷ್ಟಿತ್ತು, ಅದೂ ಬೇಡವೆಂದೆ. ಮೂರನೆಯದರಲ್ಲಿ ಇನ್ನೆಷ್ಟು ದೂರವೆಂದು ತೋರಿಸುವ ಅಂಗೈ ಅಗಲದ ಅಂಕಿ, ಯಾವ ಕಡೆ ಹೋಗಬೇಕೆಂದು ತೋರಿಸುವ ಬಾಣ, ಕೈಗವಸು ಹಾಕಿಕೊಂಡೇ ತಿರುಗಿಸಬಹುದಾದ ಒಂದೇ ಗುಂಡಿ. ಅವಳು ಅದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿದಳು.

“ಇದಿದ್ರೆ ನಾನು ಸಿಗ್ತೀನಾ?”

“ಅದು ಕೂಗುತ್ತೆ, ಅಷ್ಟೇ. ಹುಡುಕೋದು ಲುದ್ವಿಕ್‌ನ ಪೆಟ್ಟಿಗೆ. ಇದರಲ್ಲಿರೋ ಬಾಣ, ಅಂಕಿ ಎಲ್ಲ ನೀನು ಅವನನ್ನ ಹುಡುಕೋಕೆ.”

ಅವಳು ಕನ್ನಡಿಯಿಂದ ಮುಖ ತಿರುಗಿಸಿದಳು. “ಅಂದ್ರೆ ನನ್ನ ಜೀವ ಅವನ ಕೊರಳಲ್ಲಿದೆ.”

“ಇಪ್ಪತ್ತೈದು ವರ್ಷ ಹಳೇ ಪೆಟ್ಟಿಗೇಲಿ! ಭಾನುವಾರ ಕರ್ಕೊಂಡು ಬಾ ಅವನನ್ನ. ನೋಡೇ ಬಿಡೋಣ.”

ಪ್ರತಿ ಚಳಿಗಾಲ ನಮ್ಮ ರಕ್ಷಣಾ ದಳದವರು ಕೆರೆಯ ಮೇಲಿನ ಇಳಿಜಾರಿನಲ್ಲಿ ನಾಯಿಗಳನ್ನು ಪಳಗಿಸುತ್ತಾರೆ. ಹುಡುಕುವವರನ್ನು ಕಾಣದಷ್ಟು ದೂರ ಕಳಿಸಿ, ಹಿಮದಲ್ಲಿ ಗುಹೆ ತೋಡಿ, ಒಬ್ಬರನ್ನು ಒಳಗೆ ಮಲಗಿಸಿ, ಗುಹೆಯ ಬಾಯಿಗೆ ಹಿಮದ ಗಟ್ಟಿ ಇಟ್ಟು ಗುರುತು ಸಿಗದಂತೆ ಮುಚ್ಚುತ್ತಾರೆ. ಆ ಭಾನುವಾರ ಝೋಫ್ಕ ತಾನೇ ಮಲಗುತ್ತೇನೆ ಎಂದಳು. ಮೊದಲು ಲುದ್ವಿಕ್ ಹುಡುಕಲಿ, ಆಮೇಲೆ ನಾಯಿ. ಅಂಗಡಿಯ ಮರಕುಟಿಗವನ್ನು ಅವಳ ಕೊರಳಿಗೆ ಹಾಕಿ, ಕೈಗೊಂದು ವಾಕಿಟಾಕಿ ಕೊಟ್ಟೆ. “ಹೆದರಿಕೆ ಆದ್ರೆ ಗುಂಡಿ ಒತ್ತು, ಆ ಕ್ಷಣ ತೆಗೀತೀವಿ.”

ಒಳಗಿನ ಸಂಗತಿ ಅವಳೇ ಆಮೇಲೆ ಹೇಳಿದ್ದು. ಮೊದಲು ನೀಲಿ ಬೆಳಕಿತ್ತು, ಮೇಲೆ ಹಿಮ ಸುರಿದಂತೆ ಅದೂ ಹೋಯಿತು. ಮಗ್ಗುಲು ಬದಲಿಸಲು ಜಾಗವಿಲ್ಲ. ಬಿಟ್ಟ ಉಸಿರು ಎದುರಿನ ಹಿಮಕ್ಕೆ ಬಡಿದು ವಾಪಸು ಮುಖಕ್ಕೇ ಬರುತ್ತಿತ್ತು. ಹಿಮದ್ದೊಂದು ಕ್ರೂರ ಗುಣವಿದೆ, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೇಲಿನವರ ಮಾತು ಕೆಳಗೆ ಇಳಿಯುತ್ತದೆ, ಕೆಳಗಿನವರ ಕೂಗು ಮೇಲಕ್ಕೆ ಏರುವುದಿಲ್ಲ.

“ಮನೇಲೇ ಕೈಗೆ ಸಿಗಲ್ಲ ಅವಳು, ಇಲ್ಲಿ ಸಿಕ್ತಾಳಾ!” ಎಂದ ಲುದ್ವಿಕ್. ಎಲ್ಲರೂ ನಕ್ಕರು. ಆ ನಗುವೂ ಅವಳಿಗೆ ಕೇಳಿಸಿತು.

ಅವನ ಹಳೆಯ ಪೆಟ್ಟಿಗೆಯಲ್ಲಿ ಅಂಕಿಯೂ ಇಲ್ಲ, ಬಾಣವೂ ಇಲ್ಲ. ಟಿಕ್ ಟಿಕ್ ಸದ್ದು ಮಾತ್ರ, ಹತ್ತಿರವಾದಷ್ಟು ಜೋರು. ಗಡಿಯಾರ ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ನನಗೇ ಅದು ಕೇಳಿಸುತ್ತಿತ್ತು. ಅವನು ಸರಿಯಾಗಿ ಅವಳ ಮೇಲೆ ಬಂದಾಗ ಪೆಟ್ಟಿಗೆ ಗಂಟಲು ಹರಿದುಕೊಂಡಿತು. ಅವನು ಅದನ್ನು ಕಿವಿಗೊತ್ತಿಕೊಂಡೇ ದೇವದಾರು ಮರಗಳ ಕಡೆಗೆ ನಡೆದುಬಿಟ್ಟ. ಕೆಳಗೆ ಝೋಫ್ಕ ತಲೆಯ ಮೇಲೆ ಬೂಟು ಕಿರುಗುಟ್ಟಿದ್ದನ್ನೂ, ಆ ಸದ್ದು ದೂರವಾದದ್ದನ್ನೂ ಕೇಳಿದಳು. “ಲುದ್ವಿಕ್, ಇಲ್ಲಿ! ಇಲ್ಲೇ ಇದೀನಿ!” ಎಂದು ಕಿರುಚಿದಳು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. “ಒತ್ತಿದ್ರೆ ಅವನು ನನ್ನ ಹುಡುಕ್ತಾನೋ ಇಲ್ವೋ ಅಂತ ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ ಪೊಲೊನಾ,” ಎಂದಳು ನನಗೆ. ಅವಳನ್ನು ಎದುರಾಡದವಳು ಎಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಹನ್ನೊಂದನೆಯ ನಿಮಿಷಕ್ಕೆ ಲುದ್ವಿಕ್ ನಿಂತ. ಪೆಟ್ಟಿಗೆಯನ್ನು ಕಿವಿಯಿಂದ ಇಳಿಸಿದ. “ಸಾಕು. ನಾಯಿ ಬಿಡು, ಸ್ಟಾನೆ,” ಎಂದ.

ರಕ್ಷಣಾ ದಳದ ಸ್ಟಾನೆಯ ನಾಯಿ ಎರಡೇ ನಿಮಿಷದಲ್ಲಿ ಅವಳ ತೋಳು ಹಿಡಿದು ಎಳೆಯಿತು. ಚಪ್ಪಾಳೆ ಬಿತ್ತು, ರಮ್ ಬೆರೆಸಿದ ಚಹಾ ಹಂಚಿದರು. ಝೋಫ್ಕ ಎಲ್ಲರ ಜೊತೆ ನಕ್ಕಳು, ಗಂಡನ ಮುಖ ಮಾತ್ರ ನೋಡಲಿಲ್ಲ.

ಸೋಮವಾರ ಅಂಗಡಿಗೆ ಬಂದು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಕೈಬಿಟ್ಟುಬಿಟ್ಟ ಕಣೇ. ನಾನು ಅಷ್ಟು ಕೂಗ್ತಿದ್ರೆ, ಚಹಾ ಆರೋಗುತ್ತೆ ಅನ್ನೋ ಹಾಗೆ ನಾಯಿ ಬಿಡು ಅಂದ. ಅವನ ಹಿಂದೆ ಇನ್ನು ಹೋಗಲ್ಲ ನಾನು. ಎಲ್ಲಿಗೂ ಹೋಗಲ್ಲ.”

ನಾನು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡೆ. ಕಂಡದ್ದನ್ನು ಹೇಳಿದರೆ ಲುದ್ವಿಕ್‌ನ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಇವಳ ಸಂಸಾರಕ್ಕೆ. ನನ್ನ ಬಾಯಿ ಎಂದೂ ಸುಮ್ಮನಿದ್ದದ್ದಲ್ಲ.

“ಅವನು ಕೈಬಿಡ್ಲಿಲ್ಲ. ಅವನಿಗೆ ಕೇಳಿಸ್ಲಿಲ್ಲ. ಆ ಪೆಟ್ಟಿಗೆ ಬಡ್ಕೊಳ್ತಿದ್ದದ್ದು ನಂಗೇ ಕೇಳಿಸ್ತು, ಅವನಿಗಿಲ್ಲ.”

ಅವಳ ಅಳು ನಿಂತಿತು. “ಟೀವಿ ಅಷ್ಟು ಜೋರಾಗಿ ಇಡ್ತಾನೆ,” ಎಂದಳು. ಆಮೇಲೆ, “ಎರಡು ವರ್ಷದಿಂದ ನಾನು ಏನು ಹೇಳಿದ್ರೂ ಸುಮ್ನೆ ಕೂತಿರ್ತಿದ್ದ. ನನ್ನ ಮಾತು ಬೇಜಾರಾಗಿದೆ ಅಂದ್ಕೊಂಡು ನಾನೂ ಮಾತು ಬಿಟ್ಟೆ ಪೊಲೊನಾ. ಒಂದೇ ಮೇಜಲ್ಲಿ ಕೂತು ಉಣ್ತೀವಿ, ಮಾತಿಲ್ಲ.”

“ಡಾಕ್ಟರ ಕಿವಿಗೆ ಬಿದ್ರೆ ಬಸ್ಸಿಂದ ಇಳಿಸ್ತಾರೆ. ಅದಕ್ಕೇ ಬಾಯಿ ಬಿಟ್ಟಿಲ್ಲ ಪುಣ್ಯಾತ್ಮ.”

ಝೋಫ್ಕ ಮೂಗು ಒರೆಸಿಕೊಂಡಳು. “ಆ ದೊಡ್ಡ ಅಂಕಿಯದು ಎರಡು ಕೊಡು.”

ಲುದ್ವಿಕ್ ಅದನ್ನು ಆಟದ ಸಾಮಾನು ಎಂದು ಜರೆದನಂತೆ, ಇಡೀ ವಾರ ಮುಖ ಊದಿಸಿಕೊಂಡಿದ್ದನಂತೆ. ಮುಂದಿನ ಭಾನುವಾರ ಮಾತ್ರ ಬಂದ. ಝೋಫ್ಕ ಒಂದನ್ನು ಅವನ ಕೊರಳಿಗೆ ಹಾಕಿ, ಇನ್ನೊಂದನ್ನು ತನ್ನ ಕೊರಳಿಗೆ ಹಾಕಿಕೊಂಡು, ಸೀದಾ ಗುಹೆಯ ಕಡೆ ನಡೆದಳು. ಗುಹೆಯ ಬಾಯಿಯ ಹತ್ತಿರ ಬಂದು ಒಮ್ಮೆ ನಿಂತಳು. ಒಳಗೆ ಹೇಗಿರುತ್ತದೆ ಎಂದು ಈಗ ಅವಳಿಗೆ ಗೊತ್ತಿತ್ತಲ್ಲ. ಬಗ್ಗುವ ಮುಂಚೆ ನನ್ನ ಕಿವಿಯಲ್ಲಿ, “ಇವತ್ತೂ ಬರದಿದ್ರೆ ಕಿವಿಯ ನೆಪ ಇರಲ್ಲ,” ಎಂದಳು. ಹಿಮದ ಗಟ್ಟಿ ಇಟ್ಟವಳು ನಾನೇ. ಕೊಲೆ ಮಾಡಿದ ಹಾಗನ್ನಿಸಿತು.

“ಶುರು!” ಎಂದು ಕೂಗಿ ಕೈಯನ್ನೂ ಬೀಸಿದೆ.

ಲುದ್ವಿಕ್ ಈ ಸಲ ತಮಾಷೆ ಮಾಡಲಿಲ್ಲ. ಪೆಟ್ಟಿಗೆಯನ್ನು ಮುಂದೆ ಹಿಡಿದು, ಬಾಣದಿಂದ ಕಣ್ಣು ಕೀಳದೆ ನಡೆದ. ಒಮ್ಮೆ ದಾರಿ ತಪ್ಪಿ ಬಲಕ್ಕೆ ಹೋದ, ಅಂಕಿ ಏರಿದ್ದು ಕಂಡು ತಿರುಗಿದ. ಮೂವತ್ತೊಂದು, ಹದಿನೆಂಟು, ಆರು. ಮೊಣಕಾಲೂರಿ ಪೆಟ್ಟಿಗೆಯನ್ನು ಹಿಮದ ಮೇಲೆ ಅಡ್ಡಡ್ಡ, ಉದ್ದುದ್ದ ಎಳೆದಾಡಿದ. ಉದ್ದನೆಯ ಸಲಾಕೆ ಇಳಿಸಿದಾಗ ಮೂರನೆಯ ಸಲಕ್ಕೆ ಮೆತ್ತಗೆ ಏನೋ ತಗುಲಿತು. ನಾಲ್ಕು ನಿಮಿಷ! ನನಗೆ ಹೋದ ಉಸಿರು ಬಂತು.

ಆದರೆ ಅವನು ಸಲಿಕೆ ಎತ್ತಿಕೊಳ್ಳಲಿಲ್ಲ. ಬೋರಲು ಮಲಗಿ ಬಾಯಿಯನ್ನು ಹಿಮಕ್ಕೆ ಹಚ್ಚಿದ.

“ಅಗೆಯೋ ಮಾರಾಯ!” ಎಂದು ಅರಚಿದೆ.

“ಝೋಫ್ಕಾ,” ಎಂದ ಅವನು. ತನ್ನ ದನಿ ತನಗೆ ಕೇಳಿಸದವನ ಗಟ್ಟಿ ಮಾತು ಅದು, ಇಳಿಜಾರಿಗೆಲ್ಲ ಕೇಳಿಸಿತು. “ನಂಗೆ ಕಿವಿ ಕೇಳ್ಸಲ್ಲ ಕಣೇ. ಎರಡು ವರ್ಷ ಆಯ್ತು. ಬಸ್ಸು ಕಿತ್ಕೋತಾರೆ ಅಂತ ಹೇಳ್ಲಿಲ್ಲ. ಹೋದ ವಾರ ನಿನ್ನ ಮೇಲೇ ನಡ್ಕೊಂಡು ಹೋದ್ನಂತೆ, ಸ್ಟಾನೆ ಹೇಳ್ದ. ನಾಯಿ ಬಿಡಿಸಿದ್ದು ಸಾಕಾಗಿ ಅಲ್ಲ. ಹೆದರ್ಕೊಂಡು.”

ಉತ್ತರ ಮೇಲೆ ಬರಲಾರದು ಎಂಬ ಧೈರ್ಯದಲ್ಲಿ ಅಷ್ಟನ್ನೂ ಹೇಳಿದ. ದಿನಾ ಅವನ ಬಸ್ಸು ಹತ್ತುವವರೇ ಸುತ್ತ ನಿಂತಿದ್ದರು. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಆಮೇಲೆ ಅವನು ಅಗೆದ, ಹುಚ್ಚನ ಹಾಗೆ ಅಗೆದ. ಯಾರನ್ನೂ ಹತ್ತಿರ ಬಿಡಲಿಲ್ಲ.

ಗಟ್ಟಿ ಉರುಳಿತು. ಝೋಫ್ಕಳ ಮುಖ ಕಂಡಿತು, ತುಟಿ ಆಡುತ್ತಿತ್ತು.

“ಏನಂದೆ?” ಎಂದ ಅವನು ಬಗ್ಗಿ.

ಅವಳಿನ್ನೂ ಎದೆಯವರೆಗೆ ಹಿಮದೊಳಗೇ ಇದ್ದಳು. ಒಂದು ಕೈ ಬಿಡಿಸಿಕೊಂಡು ಅವನ ಟೋಪಿಯನ್ನು ಕಿತ್ತೆಸೆದು, ತಲೆಯನ್ನು ಹತ್ತಿರ ಎಳೆದುಕೊಂಡು, ಕಿವಿಗೆ ಬಾಯಿಟ್ಟು, ಕೆರೆಯ ಆಚೆ ದಡಕ್ಕೂ ಮುಟ್ಟುವಂತೆ ಕೂಗಿದಳು:

“ಕೇಳಿಸ್ತು ಅಂದೆ!”