ಗುಮ್ಮನಿಗೆ ಇಲ್ಲಿ ಟೆಂಟ್ ಇಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆರೆಯ ಮೇಲೆ ಮಂಜು ಕೂತಿದೆ. ಟೆಂಟುಗಳಲ್ಲಿರುವ ಪುಣ್ಯವಂತರೆಲ್ಲ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಮಲಗಿದ್ದಾರೆ. ಈ ಹೊತ್ತಿಗೆ ಎದ್ದಿರುವವರು ಎರಡೇ ಬಗೆಯವರು. ಒಬ್ಬರು, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಊದುಕೊಳವೆ ಹಿಡಿದು, ಹಸಿ ಸೌದೆಯನ್ನು ಬೈಯುತ್ತಾ ಬೆಂಕಿ ಎಬ್ಬಿಸುತ್ತಿರುವ ಹಂಡೆ ಅಕ್ಕ. ಉಳಿದವರು, ಹೆಗಲ ಮೇಲೆ ಕೂಸು ಹಾಕಿಕೊಂಡು, ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು, ಯಾಕಾದರೂ ಬಂದೆವೋ ಎಂಬ ಮುಖ ಹೊತ್ತು ನಿಂತಿರುವ ಅಪ್ಪಂದಿರು.

"ಎಷ್ಟೊತ್ತಿಗೆ ಎದ್ರಿ ಸಾಹೇಬ್ರೇ?" ಹಂಡೆ ಅಕ್ಕ ಹೀಗೆ ವಿಚಾರಿಸುವುದು ಅಪ್ಪನನ್ನಲ್ಲ, ಹೆಗಲ ಮೇಲಿನ ಐದು ತಿಂಗಳ ಕೂಸನ್ನು. ಕೂಸು ಬೆಂಕಿಯನ್ನು ಪಿಳಿಪಿಳಿ ನೋಡುತ್ತದೆ. "ಮಲಗಿದ್ರೆ ತಾನೇ ಅಕ್ಕಾ ಏಳೋದು" ಎಂದು ಅಪ್ಪನೇ ಉತ್ತರ ಕೊಡುತ್ತಾನೆ. ಅಕ್ಕ ಅವನ ಕೈಯಿಂದ ಹಾಲಿನ ಬಾಟಲಿ ಕಿತ್ತುಕೊಂಡು, ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಒಲೆಯ ಪಕ್ಕದ ಕಲ್ಲು ತೋರಿಸುತ್ತಾರೆ. "ಕೂತ್ಕೋ ಸ್ವಲ್ಪ. ಮಗು ಬಿದ್ದೀತು, ನೀನೇ ತೂಗಾಡ್ತಿದ್ದೀಯ."

ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಮೂವರು ಅಪ್ಪಂದಿರು, ಒಬ್ಬ ಅಮ್ಮ, ನಾಲ್ಕು ಕೂಸುಗಳು. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. "ನಿಮ್ಮದು ಎಷ್ಟು ಸಲ ಎದ್ದಿತು?" ಎಂಬುದೇ ಪರಿಚಯ. ತನ್ನ ಮಗುವಿಗಿಂತ ಹೆಚ್ಚು ಸಲ ಎದ್ದ ಮಗು ಇನ್ನೊಂದಿದೆ ಎಂದು ಗೊತ್ತಾದ ಕೂಡಲೇ ಪ್ರತಿಯೊಬ್ಬರ ಮುಖವೂ ಅರಳುತ್ತದೆ. ಮನುಷ್ಯ ಸ್ವಭಾವವೇ ಹಾಗೆ, ಏನು ಮಾಡೋಣ.

ಹಂಡೆ ಅಕ್ಕನಿಗೆ ಐವತ್ತು ದಾಟಿದೆ. ಕೆರೆ ದಂಡೆಯ ಈ ಕ್ಯಾಂಪಿಂಗ್ ಮೈದಾನದಲ್ಲಿ ಅವರು ಹೆಸರಿಗೆ 'ಸಹಾಯಕಿ'. ಅಂದರೆ ಇನ್ಯಾರಿಗೂ ಬೇಡವಾದ ಕೆಲಸವೆಲ್ಲ ಅವರದು. ಬೆಳಿಗ್ಗೆ ನೀರು ಕಾಯಿಸಬೇಕು, ಮಧ್ಯಾಹ್ನ ಬಂದವರಿಗೆ ಟೆಂಟಿನ ಗೂಟ ಹೊಡೆದುಕೊಡಬೇಕು, ಸಂಜೆ ಕೆರೆಯಂಚಿಗೆ ಹೋಗಿ ನೀರಿನ ಪಂಪು ನಿಲ್ಲಿಸಬೇಕು. ವಾರಾಂತ್ಯದಲ್ಲಿ ಇಪ್ಪತ್ತು ಟೆಂಟು ತುಂಬುತ್ತವೆ, ಹತ್ತು ಹನ್ನೆರಡು ಹಂಡೆ ನೀರು ಕಾಯುತ್ತದೆ. ಹೊಗೆಗೆ ಕಣ್ಣು, ಗೂಟಕ್ಕೆ ಮೊಣಕಾಲು ಎಂದು ಅವರು ತಮ್ಮ ದೇಹವನ್ನು ಆಗಲೇ ಹಂಚಿಕೊಟ್ಟಿದ್ದಾರೆ. ಮೈದಾನದ ಜಾಹೀರಾತಿನಲ್ಲಿ ಕೆರೆಯಿದೆ, ದೋಣಿಯಿದೆ, ಕೈ ಕೈ ಹಿಡಿದ ಜೋಡಿಯಿದೆ. ಹಂಡೆ ಅಕ್ಕ ಇಲ್ಲ.

ಹಂಡೆಯ ಹತ್ತಿರದ ಏಳು ಜಾಗಗಳಿಗೆ ಅವರಿಟ್ಟ ಹೆಸರು 'ಚಿಳ್ಳೆಪಿಳ್ಳೆ ಸಾಲು'. ಐದು ವರ್ಷದೊಳಗಿನ ಮಕ್ಕಳಿರುವ ಮನೆಯವರಿಗೆಲ್ಲ ಅಲ್ಲೇ ಜಾಗ. ಬಿಸಿನೀರು ಕೈಗೆಟಕುತ್ತದೆ, ಕೆರೆ ದೂರ, ಒಂದು ಮಗು ಅತ್ತರೆ ಪಕ್ಕದ ಟೆಂಟಿನವರು ಮುಖ ಸಿಂಡರಿಸುವುದಿಲ್ಲ, ಯಾಕೆಂದರೆ ಮುಂದಿನ ಸರದಿ ಅವರದೇ.

ಈ ಸಾಲು ಇವತ್ತು ಸಂಜೆಯ ಹೊತ್ತಿಗೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೋದ ವರ್ಷ ಮಕ್ಕಳ ಅಳುವಿಗೆ ಬೇಸತ್ತು ಕೆಲವರು ನಡುರಾತ್ರಿಯೇ ಗಂಟುಮೂಟೆ ಕಟ್ಟಿ ಹೊರಟುಬಿಟ್ಟರು. ಇನ್ನು ಮೇಲೆ ಐದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವೇ ಬೇಡ ಎಂದು ಮೈದಾನದ ಯಜಮಾನರು ನಿರ್ಧರಿಸಿದ್ದರು. ಹಂಡೆ ಅಕ್ಕ ಅವರ ಬೆನ್ನು ಬಿದ್ದು, "ಒಂದೇ ಒಂದು ಸೀಸನ್ ನನಗೆ ಬಿಟ್ಟುಕೊಡಿ, ಸಾಲು ಬೇರೆ ಮಾಡಿ ನೋಡ್ಕೋತೀನಿ" ಎಂದು ಗೋಗರೆದು ಒಪ್ಪಿಸಿದರು. ಆ ಸೀಸನ್ನಿನ ಕೊನೆಯ ಭಾನುವಾರ ಇದು. ಬೆಳಿಗ್ಗೆ ಯಜಮಾನರು ಬರುತ್ತಾರೆ, ದೊಡ್ಡವರ ಟೆಂಟುಗಳಲ್ಲಿ ವಿಚಾರಿಸುತ್ತಾರೆ, ತೀರ್ಮಾನ ಹೇಳುತ್ತಾರೆ. ಅಕ್ಕ ಒಲೆಗೆ ಇನ್ನೊಂದು ಸೌದೆ ತುರುಕುತ್ತಾರೆ. ಕೆಲಸವೇನೂ ಹೋಗುವುದಿಲ್ಲವಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನಾನು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. "ಕೆಲಸ ಇರುತ್ತೆ ಸ್ವಾಮಿ. ಬರೀ ನೀರು ಕಾಯ್ಸೋದಕ್ಕೆ ನಾನ್ಯಾಕೆ ಬೇಕು?"

ಇಲ್ಲಿ ನನ್ನದೊಂದು ಮಾತು. ಹಾಸಿಗೆ ಇರುವ ಮನೆ ಬಿಟ್ಟು ನೆಲದ ಮೇಲೆ ಮಲಗಲು ಜನ ಯಾಕೆ ಇಷ್ಟು ದೂರ ಬರುತ್ತಾರೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದರಲ್ಲೂ ಪುಟ್ಟ ಮಕ್ಕಳನ್ನು ಕಟ್ಟಿಕೊಂಡು! ನಿನ್ನೆ ಮಧ್ಯಾಹ್ನ ಐದು ತಿಂಗಳ ಸಾಹೇಬರ ಕಾರು ಬಂದು ನಿಂತಾಗ ಅದರಿಂದ ಇಳಿದದ್ದು ತೊಟ್ಟಿಲು, ಬಕೆಟ್ಟು, ಡೈಪರಿನ ಮೂಟೆ, ಸ್ನಾನದ ಟಬ್ಬು, ಮೂರು ಕೊಡೆ. ಕೊನೆಗೆ, ಇವೆಲ್ಲದರ ಅಡಿಯಿಂದ ಎಂಬಂತೆ, ಸಾಹೇಬರ ಅಕ್ಕ, ಎರಡೂವರೆ ವರ್ಷದ ಪುಟ್ಟಿ. "ಗೋಡೆ ಮಾತ್ರ ಬಿಟ್ಟು ಬಂದಿದ್ದೀರಾ?" ಎಂದು ಹಂಡೆ ಅಕ್ಕ ಕೇಳಿದರು. ಅಮ್ಮ ನಕ್ಕಳು, ನಗುತ್ತಲೇ ಹಾಲಿನ ಪುಡಿಯ ಡಬ್ಬಿ ಮನೆಯಲ್ಲೇ ಉಳಿದಿರುವುದು ನೆನಪಾಗಿ ಅಳುಮುಖ ಮಾಡಿದಳು. ಅಕ್ಕ ಪಕ್ಕದ ಟೆಂಟಿನಿಂದ ಒಂದು ಡಬ್ಬಿ ತಂದುಕೊಟ್ಟರು.

ನಿಜವಾದ ಪೇಚು ಶುರುವಾದದ್ದು ಹೊತ್ತು ಮುಳುಗುವಾಗ. ಪುಟ್ಟಿ ಟೆಂಟಿನ ಒಳಗೆ ಕಾಲಿಡಲು ಒಲ್ಲಳು. ಅಪ್ಪ ಮುದ್ದು ಮಾಡಿದ, ಅಮ್ಮ ಗದರಿದಳು, ಬಿಸ್ಕತ್ತು ತೋರಿಸಿದ್ದಾಯಿತು. ಜಪ್ಪಯ್ಯ ಅಂದರೂ ಕದಲಲಿಲ್ಲ. ಹೊರಗಿನ ಕತ್ತಲನ್ನು ಬೆರಳಿನಿಂದ ತೋರಿಸಿ "ಗುಮ್ಮ" ಎಂದು ರಚ್ಚೆ ಹಿಡಿದಳು.

ಹಂಡೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅಪ್ಪನನ್ನು ನೋಡಿದರು. "ಮನೆಯಲ್ಲಿ ಊಟ ಮಾಡಿಸುವಾಗ ಯಾರನ್ನ ಕರೀತೀರಿ?"

ಅಪ್ಪ ತಲೆ ಕೆರೆದುಕೊಂಡ. "ಒಂದೊಂದ್ಸಲ... ಸೋಫಾ ಹಿಂದೆ ಗುಮ್ಮ ಇದ್ದಾನೆ, ಬೇಗ ತಿನ್ನು ಅಂತ..."

"ದಿನಾ" ಎಂದು ಅಮ್ಮ ತಿದ್ದಿದಳು.

ಹಂಡೆ ಅಕ್ಕನ ಪ್ರಕಾರ ಬರುವ ಮನೆಯವರಲ್ಲಿ ಅರ್ಧಕ್ಕರ್ಧ ಜನ ಮಾಡುವ ತಪ್ಪು ಇದೇ. ವರ್ಷವೆಲ್ಲ ಕತ್ತಲಲ್ಲಿ ಗುಮ್ಮ ಇದ್ದಾನೆ ಎಂದು ಹೇಳಿ ಹೇಳಿ ತುತ್ತು ತಿನ್ನಿಸುವುದು, ಆಮೇಲೆ ಅದೇ ಮಗುವನ್ನು ಗೋಡೆಯಿಲ್ಲದ ಕತ್ತಲಿಗೆ ಕರೆತಂದು ತಾಚಿ ಮಾಡು ಎನ್ನುವುದು. ಮಗು ಮಲಗುತ್ತದೆಯೇ? ಊರೆಲ್ಲ ತಲೆ ಮೇಲೆ ಹೊತ್ತುಕೊಳ್ಳುತ್ತದೆ. ಪಕ್ಕದವರು ದೂರು ಕೊಡುತ್ತಾರೆ. "ದೂರು ಬರೋದು ಮಗುವಿನ ಮೇಲೆ. ಗುಮ್ಮನಿಗೆ ಬಾಡಿಗೆ ಕಟ್ಟಿ ಸಾಕೋರು ಅಪ್ಪ ಅಮ್ಮ" ಎಂದು ನಗುತ್ತಾರೆ. ಚಿಳ್ಳೆಪಿಳ್ಳೆ ಸಾಲಿನ ಮೊದಲ ಮರಕ್ಕೆ ಅವರು ಒಂದು ಹಲಗೆ ನೇತುಹಾಕಿದ್ದಾರೆ. ಸೀಮೆಸುಣ್ಣದಲ್ಲಿ, ಏರಿಳಿದ ಅಕ್ಷರಗಳಲ್ಲಿ ಬರೆದಿದೆ: ಗುಮ್ಮನಿಗೆ ಇಲ್ಲಿ ಟೆಂಟ್ ಇಲ್ಲ.

ನಿನ್ನೆ ಸಂಜೆ ಅವರು ಪುಟ್ಟಿಯ ಮುಂದೆ ಮಂಡಿಯೂರಿ, "ಪಂಪು ನಿಲ್ಲಿಸೋಕೆ ಹೋಗ್ಬೇಕು. ನನಗೊಬ್ಬಳಿಗೇ ಆಗಲ್ಲ, ಬರ್ತೀಯಾ?" ಎಂದು ಕೇಳಿದರು. ಸಹಾಯ ಕೇಳಿದರೆ ಪುಟ್ಟಿಗೆ ಇಲ್ಲ ಎನ್ನಲು ಬಾರದು. ಅವಳ ಹಿಂದೆ ಸಾಲಿನ ಉಳಿದ ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮಂದಿರು, ಎಲ್ಲರ ಹಿಂದೆ ನಾನು. ಟಾರ್ಚು ಅಕ್ಕನ ಕೈಯಲ್ಲಿ. ಆಟ ಇಷ್ಟೇ, ಸದ್ದು ಕೇಳಿದರೆ ಎಲ್ಲರೂ ನಿಂತು ಅದು ಯಾರೆಂದು ಹೇಳಬೇಕು. ಮೊದಲು ಗುಡುಗುಡು. "ಯಾರಿದು?" ಟಾರ್ಚಿನ ಬೆಳಕು ಬಿತ್ತು. ಪಂಪು! ಪುಟ್ಟಿಯೇ ಗುಂಡಿ ಒತ್ತಿ ನಿಲ್ಲಿಸಿದಳು. ಪಟಪಟ? ಟೆಂಟಿನ ಬಟ್ಟೆ. ವಟವಟ? ಕಪ್ಪೆ. ಒಂದು ಸಲ ಅಕ್ಕನೇ ಕಪ್ಪೆ ಎಂದು ಹೇಳಿ ಟಾರ್ಚು ಬಿಟ್ಟರೆ ಅಲ್ಲಿದ್ದದ್ದು ತೊಟ್ಟಿಕ್ಕುವ ನಲ್ಲಿ. ಮಕ್ಕಳು ಕುಣಿದಾಡಿ ನಕ್ಕರು.

ದೊಡ್ಡವರ ಸಾಲಿನ ನಾಲ್ಕನೇ ಟೆಂಟಿನ ಹತ್ತಿರ ಗುರ್ ಗುರ್ ಎಂದು ನೆಲ ನಡುಗುವ ಸದ್ದು. ಪುಟ್ಟಿ ಅಕ್ಕನ ಸೆರಗು ಹಿಡಿದಳು. ಅಕ್ಕ ಪಿಸುಗುಟ್ಟಿದರು: "ಗೊರಕೆ. ಒಳಗಡೆ ಒಬ್ಬರು ತಾತ ಮಲಗಿದ್ದಾರೆ. ಬೆಳಿಗ್ಗೆ ಮೀನು ಹಿಡಿಯೋಕೆ ಬೇಗ ಏಳ್ಬೇಕಲ್ಲ, ಅದಕ್ಕೇ." ಪುಟ್ಟಿ ತುಸು ಹೊತ್ತು ಕಿವಿಗೊಟ್ಟು ಕೇಳಿದಳು. ಆಮೇಲೆ ಅವಳೂ ಗುರ್ ಎಂದಳು. ಟೆಂಟಿಗೆ ಮರಳಿದವಳು ಒಳಹೊಕ್ಕು ಮಲಗಿಯೇಬಿಟ್ಟಳು. ಆದರೆ ರಾತ್ರಿ ಅವಳ ತಮ್ಮ, ನಮ್ಮ ಸಾಹೇಬರು, ಹೊಟ್ಟೆಗೋ ಹಲ್ಲಿಗೋ ಸುಮಾರು ಹೊತ್ತು ಅತ್ತರು. ಐದು ತಿಂಗಳವರಿಗೆ ಟಾರ್ಚು ತೋರಿಸಿ ಏನು ಪ್ರಯೋಜನ?

ಈ ನಡಿಗೆ ಹೇಗೆ ಶುರುವಾಯಿತು ಎಂದು ಒಲೆಯ ಮುಂದೆ ಕೇಳಿದೆ. ಏನೋ ದೊಡ್ಡ ಉತ್ತರ ಬರುತ್ತದೆಂದು ಪೆನ್ನು ಹಿಡಿದಿದ್ದೆ. ಅಕ್ಕ ಸುತ್ತ ನೋಡಿ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ, ಬರ್ಕೊಂಡ್ರೆ ಪರವಾಗಿಲ್ಲ. ನನಗೆ ಕತ್ತಲು ಅಂದ್ರೆ ಆಗಲ್ಲ." ಚಿಕ್ಕವರಿದ್ದಾಗ ಅವರಿಗೂ ತುತ್ತಿಗೊಬ್ಬ ಗುಮ್ಮನನ್ನು ತೋರಿಸಿಯೇ ಬೆಳೆಸಿದ್ದರಂತೆ. ಗಂಡ ಲಾರಿ ಕ್ಲೀನರ್, ಮನೆಗೆ ಬರುವುದು ವಾರಕ್ಕೊಮ್ಮೆ. ಇವರು ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಇಲ್ಲಿ ಕೆಲಸಕ್ಕೆ ಸೇರಿದಾಗ, ಕೂಸಿಗೆ ಜಾಗವಿಲ್ಲ ಎಂದರು. ಅಕ್ಕ ಅವಳನ್ನು ಮಡಿಸಿಟ್ಟ ಟೆಂಟುಗಳ ಕೋಣೆಯಲ್ಲಿ ಕದ್ದುಮುಚ್ಚಿ ಮಲಗಿಸಿದರು. ಸಂಜೆ ಪಂಪಿನ ಹತ್ತಿರ ಒಬ್ಬರೇ ಹೋಗಲು ಜೀವ ಬಾಯಿಗೆ ಬರುತ್ತಿತ್ತು. "ಕೂಸನ್ನ ಸೊಂಟದ ಮೇಲೆ ಕೂರಿಸ್ಕೊಂಡು, ಅದು ಕಪ್ಪೆ ಕಣೇ, ಇದು ಪಂಪು ಕಣೇ ಅಂತ ಜೋರಾಗಿ ಮಾತಾಡ್ಕೊಂಡು ಹೋಗ್ತಿದ್ದೆ. ಧೈರ್ಯ ಹೇಳ್ತಿದ್ದದ್ದು ಅವಳಿಗಲ್ಲ, ನನಗೆ. ಈಗ್ಲೂ ಮಕ್ಕಳ ಕೈ ಸಿಕ್ಕಿದ್ರೇನೇ ಕಾಲು ಮುಂದೆ ಹೋಗೋದು. ಮಕ್ಕಳು ಬರ್ದೇ ಇದ್ರೆ ಪಂಪು ರಾತ್ರಿಯೆಲ್ಲ ಓಡ್ತಾ ಇರುತ್ತೆ ಅಂತ ಯಜಮಾನ್ರಿಗೆ ಹೇಗೆ ಹೇಳಲಿ?" ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಗೆ ನೆವ ಮಾಡಿಕೊಂಡು ಅವರು ಕಣ್ಣು ಒರೆಸಿಕೊಂಡರು.

ಬಿಸಿಲೇರುವ ಹೊತ್ತಿಗೆ ಯಜಮಾನರು ಬರುತ್ತಾರೆ. ಕೆಟ್ಟವರಲ್ಲ. "ನಿದ್ದೆಗೆಡೋಕೆ ಯಾರು ಬರ್ತಾರೆ ಹೇಳಿ? ನನ್ನ ಕಷ್ಟ ನನಗೆ" ಎಂದು ನನ್ನ ಹತ್ತಿರವೂ ಹೇಳುತ್ತಾರೆ. ನೇರವಾಗಿ ನಾಲ್ಕನೇ ಟೆಂಟಿಗೇ ಹೋಗುತ್ತಾರೆ. ಮೀನು ಹಿಡಿಯುವ ಈ ತಾತ ಪ್ರತಿ ವಾರ ಬರುವವರು. ಹೋದ ವರ್ಷ ಮಕ್ಕಳ ಮೇಲೆ ಮೊದಲು ದೂರು ಹೇಳಿದವರೂ ಇವರೇ. ಹಂಡೆ ಅಕ್ಕ ಕೈಯಲ್ಲಿದ್ದ ಚೊಂಬನ್ನು ಸುಮ್ಮನೆ ತೊಳೆಯುತ್ತಾ ನಿಲ್ಲುತ್ತಾರೆ. ಅದು ಆಗಲೇ ಫಳಫಳ ಹೊಳೆಯುತ್ತಿದೆ.

"ರಾತ್ರಿ ನಿದ್ದೆ ಬಂತಾ?"

"ಸುಳ್ಳು ಯಾಕೆ ಹೇಳಲಿ" ಎನ್ನುತ್ತಾರೆ ತಾತ. "ಒಂದು ಮಗು ಅಳ್ತಾ ಇತ್ತು. ಎಚ್ಚರ ಆಯ್ತು."

ಯಜಮಾನರು ಹಂಡೆ ಅಕ್ಕನ ಕಡೆ ತಿರುಗುತ್ತಾರೆ. ಅಕ್ಕನ ಮುಖ ಬಾಡುತ್ತದೆ. ಅಷ್ಟರಲ್ಲಿ ಪುಟ್ಟಿ, ಒಂದು ಕಾಲಿಗೆ ಮಾತ್ರ ಕಾಲುಚೀಲ, ತಾತನ ಮುಂದೆ ಬಂದು ನಿಂತು, ತಲೆಯೆತ್ತಿ ನೋಡಿ ಹೇಳುತ್ತಾಳೆ: "ನೀನು ಗುಮ್ಮ ಅಲ್ಲ. ಗೊರಕೆ ತಾತ. ಮಾಡು."

"ಏನು ಮಾಡ್ಲಿ?"

"ಗುರ್ ಮಾಡು."

ಅಪ್ಪ ಓಡಿಬಂದು ಅವಳನ್ನು ಎತ್ತಿಕೊಳ್ಳುತ್ತಾನೆ. "ಸಾರಿ ಸರ್, ನಿನ್ನೆ ನಿಮ್ಮ ಟೆಂಟಿಂದ ಸದ್ದು ಕೇಳಿಸ್ತು, ಅದಕ್ಕೆ..." ತಾತ ಅವನನ್ನು ನೋಡುತ್ತಾರೆ, ಸುತ್ತ ನಿಂತವರನ್ನು ನೋಡುತ್ತಾರೆ. ಎಲ್ಲರೂ ಎತ್ತಲೋ ನೋಡುತ್ತಿದ್ದಾರೆ. "ಅಷ್ಟು ದೂರ ಕೇಳಿಸುತ್ತಾ?" ಎಂದು ಯಜಮಾನರನ್ನೇ ಕೇಳುತ್ತಾರೆ. ಯಜಮಾನರು ಕೆಮ್ಮುತ್ತಾರೆ. "ಹೇಳ್ಬೇಕು ಅಂತ ಇರ್ಲಿಲ್ಲ. ನಿಮ್ಮ ಮೇಲೆ ಮೂರ್ನಾಲ್ಕು ದೂರು ಬಂದಿದೆ."

ತಾತ ಗಾಳದ ಕೋಲು ಕೆಳಗಿಟ್ಟು, ಮಗುವಿನ ಮುಖಕ್ಕೆ ಮುಖ ತಂದು, ಮನಸಾರೆ ಒಂದು ಗೊರಕೆ ಹೊಡೆಯುತ್ತಾರೆ. ಮಗು ಕೇಕೆ ಹಾಕುತ್ತದೆ. "ಮೊದಲು ನನ್ನನ್ನ ಓಡಿಸಿ, ಆಮೇಲೆ ಇವರನ್ನ ಓಡಿಸಿ" ಎಂದು ತಾತ ಯಜಮಾನರಿಗೆ ಹೇಳುತ್ತಾರೆ. ನಿಮ್ಮ ಟೆಂಟನ್ನು ಆಚೆ ತುದಿಗೆ ಹಾಕಿಸೋಣ ಎಂದರೆ, "ಬೇಡ. ಹಾಗಾದ್ರೆ ಈಯಮ್ಮ ಮಕ್ಕಳಿಗೆ ಏನು ತೋರಿಸ್ತಾರೆ?" ಎಂದು ಕೋಲು ಎತ್ತಿಕೊಂಡು ಕೆರೆಯ ಕಡೆ ನಡೆಯುತ್ತಾರೆ. ಯಜಮಾನರು ಉಳಿದ ಟೆಂಟುಗಳನ್ನೂ ಸುತ್ತಿ ಬರುತ್ತಾರೆ. ಒಬ್ಬರು ಗೊಣಗುತ್ತಾರೆ, ಉಳಿದವರು ತೊಂದರೆಯೇನೂ ಇಲ್ಲ ಎನ್ನುತ್ತಾರೆ. ವಾಪಸು ಬಂದು, "ಸಾಲು ಇರ್ಲಿ ಬಿಡಿ. ಮುಂದಿನ ಸೀಸನ್ನಿಗೆ ಇನ್ನೊಂದು ಹಂಡೆ ತರಿಸ್ತೀನಿ" ಎನ್ನುತ್ತಾರೆ. ಹಂಡೆ ಅಕ್ಕ ಹೂಂ ಎಂದಷ್ಟೇ ಹೇಳಿ, ಒಲೆಯ ಹಿಂದೆ ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ನಗುತ್ತಾರೆ. ನನಗೂ ಖುಷಿಯಾಗುತ್ತದೆ, ಮುಚ್ಚಿಡುವುದೇಕೆ.

ಮಧ್ಯಾಹ್ನ ಕಾರುಗಳು ಹೊರಡುತ್ತವೆ. ಪುಟ್ಟಿ ಬಕೆಟ್ಟು ಕೊಡೆಗಳ ನಡುವೆ ಆಗಲೇ ನಿದ್ದೆಹೋಗಿದ್ದಾಳೆ. ಟಾಟಾ ಮಾಡಲಿಲ್ಲ. ಹಂಡೆ ಅಕ್ಕ ಮಾತ್ರ ಕಾರು ತಿರುವು ದಾಟುವವರೆಗೆ ಕೈ ಬೀಸುತ್ತಾರೆ.

ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ಇಷ್ಟು ಚಿಕ್ಕ ಮಕ್ಕಳಿಗೆ ಈ ಕೆರೆ, ಈ ಟಾರ್ಚು, ನೀವು, ಒಂದೂ ನೆನಪಿರುವುದಿಲ್ಲವಲ್ಲ, ಬೇಜಾರಾಗುವುದಿಲ್ಲವೇ?

ಅವರು ಗೂಟ ಕೀಳುವುದನ್ನು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. "ನನ್ನ ಮಗಳಿಗೇ ನೆನಪಿಲ್ಲ. ಈಗ ಬಸ್ಸು ಓಡಿಸ್ತಾಳೆ, ರಾತ್ರಿ ಪಾಳಿ. ಕೊನೇ ಟ್ರಿಪ್ ಮುಗಿಸಿ ಡಿಪೋದಿಂದ ಒಬ್ಬಳೇ ನಡ್ಕೊಂಡು ಬರ್ತಾಳೆ. ನಾನು ದೀಪ ಹಾಕ್ಕೊಂಡು ಕಾಯ್ತಾ ಕೂತಿದ್ರೆ ನನ್ನನ್ನೇ ಗೇಲಿ ಮಾಡ್ತಾಳೆ. 'ನಾನು ನಿನ್ನ ಥರ ಪುಕ್ಕಲಿ ಅಲ್ಲಮ್ಮ, ಹುಟ್ಟಿದಾಗಿಂದ್ಲೂ ನನಗೆ ಕತ್ತಲು ಅಂದ್ರೆ ಭಯನೇ ಇಲ್ಲ' ಅಂತಾಳೆ."

"ನೀವು ಏನು ಹೇಳ್ತೀರಿ?"

ಹಂಡೆ ಅಕ್ಕ ನಗುತ್ತಾರೆ. "ಏನು ಹೇಳ್ತೀನಿ? 'ಹೌದು ಕಣೇ, ನೀನು ಹುಟ್ಟಿದ್ದೇ ಹಾಗೆ' ಅಂತೀನಿ."